ಮದ್ಯ, ತಂಬಾಕು ಹಾಗೂ ಇತರೆ ಮಾದಕ ವಸ್ತುಗಳ ಅಭ್ಯಾಸವುಳ್ಳ ಗರ್ಭಿಣಿಯರು, ಬಾಣಂತಿಯರು ಮತ್ತು ಅವರ ಕುಟುಂಬದವರಿಗೆ ದೊರೆಯುವ ಸೇವೆಗಳು: ಮುರುಗಮಲ್ಲ ಹೋಬಳಿಯ ಸಾರ್ವಜನಿಕರಿಗೆ ಮಾಹಿತಿ

ಗರ್ಭಿಣಿಯೊಬ್ಬರು ತಾವು ತಂಬಾಕು ಅಗಿಯುವ, ಮದ್ಯ ಸೇವಿಸುವ ಅಥವಾ ನಿದ್ರೆ ಮಾತ್ರೆಗಳಿಗೆ ಒಗ್ಗಿಹೋಗಿರುವ ವಿಷಯವನ್ನು ಆಸ್ಪತ್ರೆಯಲ್ಲಿ ತಿಳಿಸಿದಲ್ಲಿ ತಾಯಿ ಕಾರ್ಡ್ ರದ್ದಾಗುವುದು, ಹೆರಿಗೆ ಸಹಾಯಧನ ನಿಂತುಹೋಗುವುದು, ವಿಷಯ ಪೊಲೀಸರವರೆಗೆ ಹೋಗುವುದು, ಕೊನೆಗೆ ಹುಟ್ಟಿದ ಮಗುವನ್ನೇ ತಮ್ಮಿಂದ ಬೇರ್ಪಡಿಸಲಾಗುವುದು ಎಂಬ ಭಾವನೆ ಗ್ರಾಮೀಣ ಪ್ರದೇಶದಲ್ಲಿ ಸಾಮಾನ್ಯವಾಗಿ ಇರುತ್ತದೆ. ಸದರಿ ನಾಲ್ಕು ಭಾವನೆಗಳೂ ಸರಿಯಲ್ಲ. ಈ ಭಯದಿಂದಾಗಿ ವಿಷಯವನ್ನು ಮುಚ್ಚಿಡುವವರು ಒಂದೆಡೆಯಾದರೆ, ಯಾರಿಗೂ ತಿಳಿಸದೆ ತಾವೇ ಒಂದೇ ದಿನದಲ್ಲಿ ಎಲ್ಲವನ್ನೂ ನಿಲ್ಲಿಸಿ ಅಪಾಯಕ್ಕೆ ಸಿಲುಕುವವರು ಇನ್ನೊಂದೆಡೆ. ಎರಡನ್ನೂ ತಪ್ಪಿಸುವ ದೃಷ್ಟಿಯಿಂದ ಚಿಂತಾಮಣಿ ತಾಲ್ಲೂಕು ಮುರುಗಮಲ್ಲ ಹೋಬಳಿಯ ಸಾರ್ವಜನಿಕರ ಅವಗಾಹನೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ. ಜಿಲ್ಲೆಯ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಮತ್ತು ಗೌರಿಬಿದನೂರು ತಾಲ್ಲೂಕುಗಳವರಿಗೂ ಇದು ಬಹುಮಟ್ಟಿಗೆ ಅನ್ವಯಿಸುತ್ತದೆ.

ಯಾವ ಅಭ್ಯಾಸಗಳು ಇದರಲ್ಲಿ ಸೇರುತ್ತವೆ

ಮಾದಕ ವಸ್ತು ಎಂದೊಡನೆ ಗಾಂಜಾ, ಅಫೀಮು, ಚುಚ್ಚುಮದ್ದು ಎಂದಷ್ಟೇ ಭಾವಿಸಲಾಗುತ್ತದೆ. ಆದರೆ ನಮ್ಮ ಭಾಗದ ಮಹಿಳೆಯರಲ್ಲಿ ಹೆಚ್ಚಾಗಿ ಕಂಡುಬರುವುದು ಎಲೆ ಅಡಿಕೆಯೊಡನೆ ಕಡ್ಡಿಪುಡಿ ಅಥವಾ ಹೊಗೆಸೊಪ್ಪು ಹಾಕಿಕೊಳ್ಳುವ ಅಭ್ಯಾಸ. ಇದನ್ನು ಚಟವೆಂದು ಯಾರೂ ಕರೆಯುವುದಿಲ್ಲ. ಅತ್ತೆಯೂ ಹಾಕಿಕೊಳ್ಳುತ್ತಾರೆ, ಸೊಸೆಯೂ ಹಾಕಿಕೊಳ್ಳುತ್ತಾರೆ. ಹಲ್ಲುನೋವಿಗೆ, ಬಸಿರಿನ ವಾಕರಿಕೆಗೆ, ಮಲಬದ್ಧತೆಗೆ, ಹೊಲದ ಕೆಲಸದಲ್ಲಿ ಹಸಿವು ತಡೆಯುವುದಕ್ಕೆ ಎಂದು ಆರಂಭವಾಗಿ ಅದು ಉಳಿದುಕೊಳ್ಳುತ್ತದೆ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಂತೆ ದೇಶದ ವಯಸ್ಕ ಮಹಿಳೆಯರಲ್ಲಿ ನೂರಕ್ಕೆ ಸುಮಾರು 14 ಮಂದಿ, ಕರ್ನಾಟಕದಲ್ಲಿ ಸುಮಾರು 10 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಇವರಲ್ಲಿ ಬಹುಪಾಲು ಮಂದಿ ಸೇದುವವರಲ್ಲ, ಅಗಿಯುವವರು. ಹೊಗೆ ಇಲ್ಲದ ತಂಬಾಕಿನಿಂದ ಮಗುವಿಗೆ ತೊಂದರೆಯಿಲ್ಲ ಎಂಬ ತಿಳುವಳಿಕೆ ತಪ್ಪು. ತಂಬಾಕಿನಲ್ಲಿರುವ ನಿಕೋಟಿನ್ ರಕ್ತನಾಳಗಳನ್ನು ಸಂಕುಚಿತಗೊಳಿಸುವುದರಿಂದ ಗರ್ಭಕೋಶಕ್ಕೆ ರಕ್ತದ ಪೂರೈಕೆ ಕಡಿಮೆಯಾಗುತ್ತದೆ. ಕಡಿಮೆ ತೂಕದ ಮಗು, ದಿನ ತುಂಬುವ ಮೊದಲೇ ಹೆರಿಗೆ, ಮಗು ಗರ್ಭದಲ್ಲಿಯೇ ಸಾಯುವುದು ಇವು ಅಗಿಯುವ ತಂಬಾಕಿನಿಂದಲೂ ಹೆಚ್ಚುತ್ತವೆ. ತಾಯಿಗೆ ರಕ್ತಹೀನತೆ ಇದ್ದಲ್ಲಿ ತೊಂದರೆ ಇನ್ನೂ ಹೆಚ್ಚು. ತಂಬಾಕು ಇಲ್ಲದಿದ್ದರೂ ಅಡಿಕೆಯೊಂದೇ ಹಾನಿಕರವೆಂಬುದನ್ನು, ಅದು ಕ್ಯಾನ್ಸರ್‌ಕಾರಕವೆಂಬುದನ್ನು 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಪ್ರಕಟಿಸಿದೆ. ಬಾಣಂತಿಗೆ ವೀಳ್ಯ ಕೊಡುವ ಪದ್ಧತಿ ಇರುವ ಮನೆಗಳಲ್ಲಿ ಎಲೆಯೊಡನೆ ಅಡಿಕೆ, ಕಡ್ಡಿಪುಡಿ ಸೇರದಂತೆ ನೋಡಿಕೊಳ್ಳಬೇಕಾಗುತ್ತದೆ.

ಕರ್ನಾಟಕದಲ್ಲಿ ಗುಟ್ಕಾ 2013ರಿಂದ ನಿಷೇಧಿತವಾಗಿದೆ. ಆದರೆ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಮಾರಾಟವಾಗುವುದನ್ನು ಎಲ್ಲರೂ ಕಂಡಿದ್ದಾರೆ. ಎರಡನ್ನೂ ಕೈಯಲ್ಲಿ ಬೆರೆಸಿಕೊಂಡರೆ ದೇಹಕ್ಕೆ ಹೋಗುವುದು ಅದೇ.

ಮದ್ಯದ ವಿಷಯಕ್ಕೆ ಬಂದರೆ, ಸಾರಾಯಿ ಮಾರಾಟವು ರಾಜ್ಯದಲ್ಲಿ ದಿನಾಂಕ 1-7-2007ರಿಂದ ನಿಂತಿದೆಯಾದರೂ ಮದ್ಯ ನಿಂತಿಲ್ಲ. ಮಹಿಳೆಯರು ಕುಡಿಯುವುದಿಲ್ಲ ಎಂದು ಹೇಳುವುದು ವಾಡಿಕೆ. ಕೂಲಿ ಕೆಲಸದ ಮೈನೋವಿಗಾಗಿ ಸಂಜೆ ಸ್ವಲ್ಪ ತೆಗೆದುಕೊಳ್ಳುವವರು ಇದ್ದಾರೆ ಎಂಬುದು ಆಶಾ ಕಾರ್ಯಕರ್ತೆಯರಿಗೆ ತಿಳಿದೇ ಇದೆ. ತಾಯಿ ಕುಡಿದ ಮದ್ಯವು ಮಾಸಿನ ಮೂಲಕ ಮಗುವನ್ನು ತಲುಪುತ್ತದೆ. ಇದರಿಂದ ಮಗುವಿನ ಮಿದುಳಿನ ಬೆಳವಣಿಗೆ, ಮುಖದ ರಚನೆ, ಎತ್ತರ ಹಾಗೂ ಕಲಿಕೆಯ ಮೇಲೆ ಆಗುವ ಶಾಶ್ವತ ತೊಂದರೆಗಳನ್ನು ಅಮೆರಿಕದ ವೈದ್ಯರು 1973ರಲ್ಲಿ ಒಂದು ಪ್ರತ್ಯೇಕ ಕಾಯಿಲೆಯಾಗಿ ಗುರುತಿಸಿದರು. ಗರ್ಭಾವಸ್ಥೆಯಲ್ಲಿ ಇಷ್ಟು ಪ್ರಮಾಣದವರೆಗೆ ತೊಂದರೆ ಇಲ್ಲ ಎಂದು ಹೇಳಬಹುದಾದ ಮಿತಿ ಯಾವುದೂ ಇಲ್ಲ. ಬಸಿರೆಂದು ತಿಳಿಯುವ ಮೊದಲು ಸೇವಿಸಿದ್ದಲ್ಲಿ ಗಾಬರಿಯಾಗಿ ತಪಾಸಣೆಯನ್ನೇ ಬಿಡುವುದು ಬೇಡ. ಯಾವ ತಿಂಗಳಿನಲ್ಲಿ ನಿಲ್ಲಿಸಿದರೂ ಅಲ್ಲಿಂದ ಮುಂದಿನ ಹಾನಿ ತಪ್ಪುತ್ತದೆ.

ಇವಲ್ಲದೆ ವೈದ್ಯರ ಚೀಟಿಯಿಲ್ಲದೆ ತೆಗೆದುಕೊಳ್ಳುವ ನಿದ್ರೆ ಮಾತ್ರೆ, ಬಲವಾದ ನೋವಿನ ಮಾತ್ರೆ, ಕೆಮ್ಮಿನ ಔಷಧಿ, ಗಾಂಜಾ ಇವೂ ಈ ಮಾಹಿತಿಯ ವ್ಯಾಪ್ತಿಯಲ್ಲಿ ಬರುತ್ತವೆ. ಔಷಧಿ ಅಂಗಡಿಯಲ್ಲಿ ಕೊಂಡದ್ದು ಎಂಬ ಕಾರಣಕ್ಕೆ ಅದು ಚಟವಲ್ಲ ಎಂದು ತಿಳಿಯಬಾರದು.

ತಾನಾಗಿ ಹಠಾತ್ತನೆ ನಿಲ್ಲಿಸಬಾರದ ಸಂದರ್ಭಗಳು

ಈ ಭಾಗವನ್ನು ಓದುಗರು ವಿಶೇಷ ಗಮನವಿಟ್ಟು ಓದಬೇಕೆಂದು ಕೋರಲಾಗಿದೆ.

ಕಡ್ಡಿಪುಡಿ, ಹೊಗೆಸೊಪ್ಪು, ಬೀಡಿ, ಸಿಗರೇಟು, ನಶ್ಯ ಇವುಗಳನ್ನು ಗರ್ಭಿಣಿಯು ಇಂದೇ, ಈಗಲೇ ನಿಲ್ಲಿಸಬಹುದು. ಸಿಡುಕು, ತಲೆನೋವು, ನಿದ್ರೆ ಬಾರದಿರುವುದು ಕೆಲವು ದಿನ ಇರುತ್ತದೆ, ಪ್ರಾಣಾಪಾಯವಿಲ್ಲ. ಬಿಡಲು ಆಗದಿದ್ದಲ್ಲಿ ಆಪ್ತಸಮಾಲೋಚನೆಯೇ ಮೊದಲ ಚಿಕಿತ್ಸೆ. ನಿಕೋಟಿನ್ ಚ್ಯೂಯಿಂಗ್ ಗಮ್ ಮುಂತಾದವುಗಳನ್ನು ವೈದ್ಯರ ಸಲಹೆ ಇಲ್ಲದೆ ಗರ್ಭಿಣಿಯರು ಬಳಸಕೂಡದು.

ಆದರೆ ಪ್ರತಿದಿನವೂ ಹೆಚ್ಚಿನ ಪ್ರಮಾಣದಲ್ಲಿ ಮದ್ಯ ಸೇವಿಸುವವರ ಸ್ಥಿತಿ ಬೇರೆ. ಅಂಥವರ ದೇಹವು ಮದ್ಯಕ್ಕೆ ಹೊಂದಿಕೊಂಡಿರುತ್ತದೆ. ಹಠಾತ್ತನೆ ನಿಲ್ಲಿಸಿದ 6 ರಿಂದ 24 ಗಂಟೆಗಳೊಳಗೆ ಕೈನಡುಕ, ಬೆವರು, ವಾಂತಿ, ಎದೆಬಡಿತ ಆರಂಭವಾಗಬಹುದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನಗಳ ನಂತರ ಗೊಂದಲ, ಇಲ್ಲದ್ದು ಕಾಣುವುದು ಕೇಳುವುದು ಉಂಟಾಗಿ ಸ್ಥಿತಿ ಗಂಭೀರವಾಗಬಹುದು. ಇದು ತಾಯಿ ಮತ್ತು ಗರ್ಭದಲ್ಲಿರುವ ಮಗು ಇಬ್ಬರಿಗೂ ಪ್ರಾಣಾಪಾಯದ ಸಂಗತಿ. ಆದ್ದರಿಂದ ಬೆಳಿಗ್ಗೆ ಎದ್ದೊಡನೆ ಮದ್ಯ ಬೇಕೆನಿಸುವವರು, ಕುಡಿಯದಿದ್ದರೆ ಕೈ ನಡುಗುವವರು, ಹಿಂದೆ ಬಿಡಲು ಪ್ರಯತ್ನಿಸಿದಾಗ ಫಿಟ್ಸ್ ಬಂದವರು ಒಳರೋಗಿಯಾಗಿ ದಾಖಲಾಗಿ ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಬಿಡಬೇಕು. ಅಲ್ಲಿ ನಿಯಂತ್ರಿತ ಅವಧಿಗೆ ಔಷಧಿ, ಥಯಾಮಿನ್ ಎಂಬ ಜೀವಸತ್ವ ನೀಡಿ, ಮಗುವಿನ ಎದೆಬಡಿತವನ್ನು ನೋಡಿಕೊಳ್ಳಲಾಗುತ್ತದೆ. ಕುಡಿದರೆ ವಾಂತಿ ಬರುವಂತೆ ಮಾಡುವ ಡೈಸಲ್ಫಿರಾಂ ಎಂಬ ಮಾತ್ರೆಯನ್ನು ಗರ್ಭಿಣಿಯರಿಗೆ ನೀಡುವುದಿಲ್ಲ. ಮನೆಯವರು ಊಟದಲ್ಲಿ, ಕಾಫಿಯಲ್ಲಿ ಗೊತ್ತಿಲ್ಲದಂತೆ ಬೆರೆಸುವ 'ಕುಡಿತ ಬಿಡಿಸುವ ಪುಡಿ'ಗಳಲ್ಲಿ ಏನಿದೆಯೆಂಬುದು ಕೊಟ್ಟವರಿಗೂ ತಿಳಿದಿರುವುದಿಲ್ಲ. ಗರ್ಭಿಣಿಗೆ ಅವನ್ನು ಕೊಡಲೇಬಾರದು.

ನಿದ್ರೆ ಮಾತ್ರೆಗಳಿಗೂ ಇದೇ ನಿಯಮ. ಹಲವು ತಿಂಗಳಿಂದ ದಿನವೂ ತೆಗೆದುಕೊಳ್ಳುತ್ತಿದ್ದವರು ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬರುವ ಸಂಭವವಿದೆ. ಪ್ರಮಾಣವನ್ನು ಹಂತಹಂತವಾಗಿ ಇಳಿಸಬೇಕು.

ಅಫೀಮು ವರ್ಗದ ಮಾತ್ರೆ, ಪುಡಿ ಅಥವಾ ಚುಚ್ಚುಮದ್ದಿಗೆ ಒಗ್ಗಿದ ಗರ್ಭಿಣಿಯರಲ್ಲಿ ಹಠಾತ್ ನಿಲುಗಡೆಯಿಂದ ಗರ್ಭಪಾತ, ಅವಧಿಪೂರ್ವ ಹೆರಿಗೆ ಆಗಬಹುದು. ಪುನಃ ಹಳೆಯ ಅಭ್ಯಾಸಕ್ಕೆ ಮರಳುವುದೂ ಹೆಚ್ಚು. ಈ ಕಾರಣಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆಯು 2014ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಅಂಥ ಗರ್ಭಿಣಿಯರಿಗೆ ಪೂರ್ತಿ ಬಿಡಿಸುವ ಬದಲು ಬ್ಯೂಪ್ರೆನಾರ್ಫಿನ್ ಅಥವಾ ಮೆಥಡೋನ್ ಎಂಬ ಬದಲಿ ಔಷಧಿಯನ್ನು ವೈದ್ಯರ ಉಸ್ತುವಾರಿಯಲ್ಲಿ ಮುಂದುವರಿಸಲು ಸೂಚಿಸಿದೆ. 'ಒಂದು ಚಟಕ್ಕೆ ಇನ್ನೊಂದು ಚಟ' ಎಂದು ಸಂಬಂಧಿಕರು ಆಕ್ಷೇಪಿಸಿ ಈ ಔಷಧಿಯನ್ನು ನಿಲ್ಲಿಸಿಬಿಡುವುದುಂಟು. ಹಾಗೆ ಮಾಡಬಾರದು. ಚುಚ್ಚುಮದ್ದಿನ ಅಭ್ಯಾಸವಿದ್ದವರು ಎಚ್‌ಐವಿ, ಹೆಪಟೈಟಿಸ್ ಬಿ ಹಾಗೂ ಸಿ ಪರೀಕ್ಷೆಗಳನ್ನೂ ಮಾಡಿಸಿಕೊಳ್ಳತಕ್ಕದ್ದು.

ಇಲ್ಲಿ ಸ್ಥಳೀಯವಾದ ಒಂದು ಮಾತನ್ನು ಹೇಳುವುದು ಅವಶ್ಯ. ಮುರುಗಮಲ್ಲದ ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೂ, ಇಲ್ಲಿನ ಮುಕ್ತೀಶ್ವರ ದೇವಸ್ಥಾನಕ್ಕೂ, ಕೈವಾರಕ್ಕೂ ಜಾತಿ ಮತ ಭೇದವಿಲ್ಲದೆ ಜನರು ಹರಕೆ ಹೊತ್ತು ಬರುತ್ತಾರೆ. ಕುಡಿತ ಬಿಡುವುದಾಗಿ ಆಣೆ ಮಾಡುವುದು, ದಾರ ಕಟ್ಟಿಸಿಕೊಳ್ಳುವುದು ನಮ್ಮ ಜನರಲ್ಲಿ ಹಿಂದಿನಿಂದ ಬಂದದ್ದು. ಇದಕ್ಕೆ ಇಲಾಖೆಯ ಆಕ್ಷೇಪವೇನೂ ಇಲ್ಲ. ಆಣೆಯ ಬಲದಿಂದಲೇ ಬಿಟ್ಟವರೂ ಇದ್ದಾರೆ. ಕೋರಿಕೆ ಇಷ್ಟೇ: ದಿನವೂ ಕುಡಿಯುವ ಅಭ್ಯಾಸವಿದ್ದವರು, ಅವರು ಗರ್ಭಿಣಿಯಾಗಿರಲಿ ಪುರುಷರಾಗಿರಲಿ, ಆಣೆ ಮಾಡುವ ಮೊದಲು ವೈದ್ಯರನ್ನು ಕಾಣಬೇಕು. ಆಣೆ ಮಾಡಿದ ಎರಡನೆಯ ದಿನ ಬಂದ ಫಿಟ್ಸನ್ನು ದೇವರ ಸಿಟ್ಟೆಂದೋ ಗಾಳಿಯೆಂದೋ ತಿಳಿದು ಆಸ್ಪತ್ರೆಗೆ ಕರೆತರುವಲ್ಲಿ ತಡ ಮಾಡಬಾರದು. ಫಿಟ್ಸ್, ಪ್ರಜ್ಞೆ ತಪ್ಪುವುದು, ರಕ್ತಸ್ರಾವ, ಮಗುವಿನ ಚಲನೆ ಕಡಿಮೆಯಾಗುವುದು ಕಂಡಲ್ಲಿ ತಕ್ಷಣ 108 ಆಂಬುಲೆನ್ಸ್‌ಗೆ ಕರೆ ಮಾಡುವುದು.

ಹಾಗೆಯೇ ಅಖಿಲ ಕರ್ನಾಟಕ ಜನಜಾಗೃತಿ ವೇದಿಕೆಯಂಥ ಸಂಸ್ಥೆಗಳು ನಡೆಸುವ ಮದ್ಯವರ್ಜನ ಶಿಬಿರಗಳು ಅನೇಕ ಪುರುಷರಿಗೆ ಉಪಯುಕ್ತವಾಗಿವೆ. ಗರ್ಭಿಣಿಯರಿಗೆ ಶಿಬಿರ ಸೂಕ್ತವಲ್ಲ, ಹೆರಿಗೆ ಸೌಲಭ್ಯವಿರುವ ಆಸ್ಪತ್ರೆಯೇ ಸೂಕ್ತ.

ಎಲ್ಲಿಗೆ ಹೋಗಬೇಕು

ಈ ಸೇವೆಗೆಂದು ಪ್ರತ್ಯೇಕ ಅರ್ಜಿ ನಮೂನೆ ಇರುವುದಿಲ್ಲ. ಅದು ಇಲ್ಲದಿರುವುದೇ ಒಳಿತು. ಅರ್ಜಿಯಲ್ಲಿ ಬರೆದುಕೊಡಬೇಕಾಗಿದ್ದರೆ ಯಾರೂ ಬರುತ್ತಿರಲಿಲ್ಲ. ತಮ್ಮ ಗ್ರಾಮದ ಆಶಾ ಕಾರ್ಯಕರ್ತೆ ಅಥವಾ ವ್ಯಾಪ್ತಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಬಾಯಿಮಾತಿನಲ್ಲಿ ತಿಳಿಸಿದರೆ ಸಾಕು. ಗ್ರಾಮದವರಿಗೆ ವಿಷಯ ತಿಳಿಯುವುದೆಂಬ ಸಂಕೋಚವಿದ್ದಲ್ಲಿ ಆಶಾ ಕಾರ್ಯಕರ್ತೆಯ ಮೂಲಕ ಹೋಗದೆ ನೇರವಾಗಿ ಚಿಂತಾಮಣಿಯ ಸಾರ್ವಜನಿಕ ಆಸ್ಪತ್ರೆಗೆ ಹೋಗಬಹುದು. ತಾಯಿ ಕಾರ್ಡನ್ನು ಮನೆಯವರೆಲ್ಲರೂ ನೋಡುತ್ತಾರೆ. ಆದುದರಿಂದ ಅಭ್ಯಾಸದ ವಿವರವನ್ನು ಅದರಲ್ಲಿ ಎದ್ದು ಕಾಣುವಂತೆ ಬರೆಯದಿರಲು ವೈದ್ಯರನ್ನು ಕೋರಬಹುದು.

ಪ್ರತಿ ತಿಂಗಳ 9ನೇ ತಾರೀಖಿನಂದು, 2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಅಂದು ವೈದ್ಯರು ಲಭ್ಯವಿರುವುದರಿಂದ ವಿಷಯ ತಿಳಿಸಲು ಅನುಕೂಲ. ಜನಸಂದಣಿಯೂ ಅಂದೇ ಇರುವುದರಿಂದ ಒಳಕೊಠಡಿಯಲ್ಲಿ, ಜೊತೆಗೆ ಬಂದವರನ್ನು ಹೊರಗೆ ಕೂರಿಸಿ ಮಾತನಾಡಬೇಕೆಂದು ಕೇಳುವುದು ರೋಗಿಯ ಹಕ್ಕು. ಮನೋವೈದ್ಯರ ಅವಶ್ಯಕತೆ ಇದ್ದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡಕ್ಕೆ ಕಳುಹಿಸಲಾಗುತ್ತದೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ಮನೋವೈದ್ಯರ ಸೇವೆಯನ್ನು ಏರ್ಪಡಿಸಲಾಗುತ್ತದೆ. ಯಾವ ಮಂಗಳವಾರ ಯಾವ ಆಸ್ಪತ್ರೆ ಎಂಬುದನ್ನು ಮೊದಲೇ ವಿಚಾರಿಸಿಕೊಂಡು ಹೋದಲ್ಲಿ ಬಸ್ ಖರ್ಚು ಮತ್ತು ಒಂದು ದಿನದ ಕೂಲಿ ಉಳಿಯುತ್ತದೆ.

ಒಳರೋಗಿ ಚಿಕಿತ್ಸೆ ಬೇಕಾದವರನ್ನು ಜಿಲ್ಲಾ ಆಸ್ಪತ್ರೆಗೆ ಅಥವಾ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೆ ಕಳುಹಿಸಲಾಗುತ್ತದೆ. ಚಿಂತಾಮಣಿಯಿಂದ ಬೆಂಗಳೂರಿಗೆ ಸುಮಾರು 75 ಕಿ.ಮೀ. ದೂರವಿದ್ದು ನೇರ ಬಸ್ಸುಗಳಿವೆ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ. ಅಲ್ಲದೆ ಹೆರಿಗೆಯ ನಂತರ ತೀವ್ರ ಮಾನಸಿಕ ತೊಂದರೆಗೊಳಗಾದ ತಾಯಂದಿರನ್ನು ಅವರ ಕೂಸಿನೊಡನೆಯೇ ದಾಖಲಿಸಿಕೊಳ್ಳುವ ತಾಯಿ ಮಗು ಘಟಕವು 2009ರಿಂದ ಅಲ್ಲಿ ಕಾರ್ಯನಿರ್ವಹಿಸುತ್ತಿದೆ. ದೇಶದಲ್ಲಿ ಇಂಥ ಘಟಕ ಮೊದಲು ಆರಂಭವಾದದ್ದು ಇಲ್ಲಿಯೇ. ವ್ಯಸನದ ಜೊತೆಗೆ ಖಿನ್ನತೆ, ಆತ್ಮಹತ್ಯೆಯ ಯೋಚನೆ, ಮಗುವಿಗೆ ಹಾನಿ ಮಾಡಬೇಕೆನಿಸುವ ಆಲೋಚನೆ ಇರುವ ಬಾಣಂತಿಯರ ವಿಷಯದಲ್ಲಿ ವಿಳಂಬ ಸಲ್ಲದು. ಹೋಗುವಾಗ ತಾಯಿ ಕಾರ್ಡ್, ಆಧಾರ್, ಬಿ.ಪಿ.ಎಲ್. ಪಡಿತರ ಚೀಟಿ, ಹಳೆಯ ಚಿಕಿತ್ಸಾ ಚೀಟಿಗಳು ಮತ್ತು ಸೇವಿಸುತ್ತಿರುವ ಮಾತ್ರೆಗಳ ಖಾಲಿ ಪಟ್ಟಿಯನ್ನೂ ತೆಗೆದುಕೊಂಡು ಹೋಗುವುದು. ಮಾತ್ರೆಯ ಹೆಸರು ನೆನಪಿಲ್ಲದಿದ್ದರೆ ಆ ಪಟ್ಟಿಯೇ ವೈದ್ಯರಿಗೆ ಉತ್ತರ.

ಹೆರಿಗೆ ಸೌಲಭ್ಯ ಮತ್ತು ಸಹಾಯಧನ

ಮಾದಕ ವಸ್ತುಗಳ ಅಭ್ಯಾಸದ ಕಾರಣಕ್ಕೆ ಯಾವುದೇ ಹೆರಿಗೆ ಸೌಲಭ್ಯವನ್ನು ನಿರಾಕರಿಸುವ ಷರತ್ತು ಈ ಯೋಜನೆಗಳಲ್ಲಿ ಇರುವುದಿಲ್ಲ. ಪ್ರಧಾನ ಮಂತ್ರಿ ಮಾತೃವಂದನಾ ಯೋಜನೆಯಡಿ ಅರ್ಹರಿಗೆ ಮೊದಲ ಮಗುವಿಗೆ 5,000 ರೂ. ಎರಡು ಕಂತುಗಳಲ್ಲಿಯೂ, ಎರಡನೆಯದು ಹೆಣ್ಣು ಮಗುವಾದಲ್ಲಿ 6,000 ರೂ. ಒಂದೇ ಕಂತಿನಲ್ಲಿಯೂ ದೊರೆಯುತ್ತದೆ. ಇದಕ್ಕೆ ನೋಡುವುದು ಗರ್ಭಧಾರಣೆಯ ನೋಂದಣಿ, ತಪಾಸಣೆ, ಜನನ ನೋಂದಣಿ ಮತ್ತು ಲಸಿಕೆ. ಅರ್ಜಿಯನ್ನು ಅಂಗನವಾಡಿ ಕಾರ್ಯಕರ್ತೆಯ ಮೂಲಕ ಸಲ್ಲಿಸಬಹುದು. ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆಯನ್ನು ರಾಜ್ಯದಲ್ಲಿ 2017ರಲ್ಲಿ ಜಾರಿಗೊಳಿಸಲಾಯಿತು. ತಂಬಾಕು ಬಳಸುವ ಗರ್ಭಿಣಿಯರಲ್ಲಿ ತೂಕ ಮತ್ತು ರಕ್ತದ ಕೊರತೆ ಹೆಚ್ಚಾಗಿರುವುದರಿಂದ ಊಟ ಮತ್ತು ಕಬ್ಬಿಣಾಂಶದ ಮಾತ್ರೆ ಇವರಿಗೇ ಹೆಚ್ಚು ಅವಶ್ಯ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಸಾಮಾನ್ಯ ಹೆರಿಗೆ, ಶಸ್ತ್ರಚಿಕಿತ್ಸೆ, ಔಷಧಿ, ರಕ್ತ, ಪರೀಕ್ಷೆ, ಊಟ, ವಾಹನ ಎಲ್ಲವೂ ಉಚಿತ.

ಲೆಕ್ಕವನ್ನು ಇನ್ನೊಂದು ಬದಿಯಿಂದಲೂ ನೋಡಬಹುದು. ಮನೆಯಲ್ಲಿ ತಂಬಾಕಿಗೆ ದಿನಕ್ಕೆ ಕೇವಲ 20 ರೂ. ಖರ್ಚಾಗುತ್ತಿದೆ ಎಂದಿಟ್ಟುಕೊಂಡರೂ ಗರ್ಭಾವಧಿಯ 280 ದಿನಗಳಿಗೆ 5,600 ರೂ. ಆಗುತ್ತದೆ. ಅಂದರೆ ಸರ್ಕಾರ ಕೊಡುವ 5,000 ರೂ. ಪೂರ್ತಿ ಅದಕ್ಕೇ ಹೋಗಿ ಮೇಲೆ 600 ರೂ. ಕೈಯಿಂದ ಬೀಳುತ್ತದೆ. ಪತಿಯ ಮದ್ಯಕ್ಕೆ ದಿನಕ್ಕೆ 80 ರೂ. ಎಂದು ಹಿಡಿದರೆ ಅದೇ ಅವಧಿಗೆ 22,400 ರೂ.

ಕಾನೂನಿನ ರಕ್ಷಣೆ

ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, 2017ರ ಪ್ರಕಾರ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಉಂಟಾಗುವ ಮಾನಸಿಕ ಸ್ಥಿತಿಗಳೂ ಮಾನಸಿಕ ಅಸ್ವಸ್ಥತೆಯ ಪರಿಭಾಷೆಯಲ್ಲಿ ಸೇರುತ್ತವೆ. ಆದುದರಿಂದ ಆ ಕಾಯಿದೆಯ ಹಕ್ಕುಗಳು ಇವರಿಗೂ ಅನ್ವಯ. ಚಿಕಿತ್ಸೆಯ ವಿವರವನ್ನು ಗೌಪ್ಯವಾಗಿಡತಕ್ಕದ್ದು. ಚಿಕಿತ್ಸೆಗೆ ದಾಖಲಾದ ಮಹಿಳೆಯ 3 ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಆಕೆಯಿಂದ ಬೇರ್ಪಡಿಸುವಂತಿಲ್ಲ ಎಂದು 21ನೇ ಪ್ರಕರಣ ಹೇಳುತ್ತದೆ. ತಾಯಿಯ ಅಸ್ವಸ್ಥತೆಯಿಂದ ಮಗುವಿಗೆ ಹಾನಿಯಾಗುವ ಸಂಭವವಿದೆ ಅಥವಾ ಮಗುವಿನ ಹಿತಕ್ಕೆ ಅವಶ್ಯವೆಂದು ಮನೋವೈದ್ಯರು ಅಭಿಪ್ರಾಯಪಟ್ಟಲ್ಲಿ ಮಾತ್ರ ತಾತ್ಕಾಲಿಕವಾಗಿ ಬೇರ್ಪಡಿಸಬಹುದು. ಆಗಲೂ ಮೇಲ್ವಿಚಾರಣೆಯಲ್ಲಿ ಮಗುವನ್ನು ನೋಡುವ ಅವಕಾಶ ತಾಯಿಗೆ ಇರಬೇಕು. ಪ್ರತಿ 15 ದಿನಗಳಿಗೊಮ್ಮೆ ಆ ನಿರ್ಧಾರವನ್ನು ಪುನರ್ ಪರಿಶೀಲಿಸಬೇಕು. ಒಂದೇ ಸಮನೆ 30 ದಿನ ಮೀರಿದಲ್ಲಿ ಪ್ರಾಧಿಕಾರದ ಅನುಮೋದನೆ ಬೇಕು. 'ನೀನು ಆಸ್ಪತ್ರೆಗೆ ಸೇರಿದರೆ ಮಗು ನಿನ್ನದಲ್ಲ' ಎಂದು ಮನೆಯವರು ಹೆದರಿಸಿದಲ್ಲಿ ಈ ಪ್ರಕರಣವನ್ನು ಅವರಿಗೆ ತೋರಿಸಬಹುದು.

ಮದ್ಯ, ತಂಬಾಕು ಸೇವನೆಯ ಚಿಕಿತ್ಸೆಗೆ ಬಂದವರ ಮೇಲೆ ಆ ಕಾರಣಕ್ಕಾಗಿ ಪೊಲೀಸ್ ಕ್ರಮದ ಪ್ರಶ್ನೆ ಉದ್ಭವಿಸುವುದಿಲ್ಲ. ಗಾಂಜಾ, ಅಫೀಮು ಮುಂತಾದ ನಿಷೇಧಿತ ವಸ್ತುಗಳ ವಿಷಯದಲ್ಲಿ 1985ರ ಮಾದಕ ವಸ್ತುಗಳ ಕಾಯಿದೆ ಇದೆಯಾದರೂ, ಅದರ 64ಎ ಪ್ರಕರಣದಂತೆ ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಎದುರಿಸುತ್ತಿರುವ ವ್ಯಸನಿಯು ಸ್ವಇಚ್ಛೆಯಿಂದ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದಲ್ಲಿ ಆ ಆರೋಪದ ವಿಚಾರಣೆಯಿಂದ ವಿನಾಯಿತಿ ಇದೆ. ಚಿಕಿತ್ಸೆಯನ್ನು ಪೂರ್ಣಗೊಳಿಸದಿದ್ದಲ್ಲಿ ಈ ವಿನಾಯಿತಿಯನ್ನು ಹಿಂಪಡೆಯಬಹುದು. ಮಾರಾಟ ಮಾಡುವವರಿಗೆ ಇದು ಅನ್ವಯಿಸುವುದಿಲ್ಲ.

ಪತಿಯ ಕುಡಿತದಿಂದ ಹೊಡೆತ ಬಡಿತಕ್ಕೆ ಒಳಗಾಗುವವರು 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯಡಿ ಸಂರಕ್ಷಣಾಧಿಕಾರಿಯಾಗಿರುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳನ್ನು ಕಾಣಬಹುದು. ಮಹಿಳೆಯರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು.

ಹೆರಿಗೆಯ ನಂತರ

ಹೆರಿಗೆಗೆ ದಾಖಲಾಗುವಾಗ ಕೊನೆಯ ಬಾರಿ ಏನನ್ನು, ಯಾವಾಗ ಸೇವಿಸಲಾಯಿತು ಎಂಬುದನ್ನು ವೈದ್ಯರಿಗೆ ತಿಳಿಸುವುದು ಅತ್ಯವಶ್ಯಕ. ಅರಿವಳಿಕೆ ನೀಡುವವರಿಗೂ, ಮಕ್ಕಳ ವೈದ್ಯರಿಗೂ ಇದು ಬೇಕಾದ ಮಾಹಿತಿ. ಅಫೀಮು ವರ್ಗದ ವಸ್ತುಗಳಿಗೆ ಒಗ್ಗಿದ ತಾಯಿಯ ಕೂಸಿಗೆ ಹುಟ್ಟಿದ ಸಾಮಾನ್ಯವಾಗಿ ಮೂರು ದಿನಗಳೊಳಗೆ, ಕೆಲವೊಮ್ಮೆ ವಾರದೊಳಗೆ, ಕಿರುಚಿದಂತೆ ನಿಲ್ಲದ ಅಳು, ನಡುಕ, ಹಾಲು ಕುಡಿಯಲು ಆಗದಿರುವುದು, ಪದೇ ಪದೇ ಸೀನು, ಭೇದಿ ಕಾಣಿಸಿಕೊಳ್ಳಬಹುದು. ಇದಕ್ಕೆ ಚಿಕಿತ್ಸೆ ಇದೆ. ಮಗುವನ್ನು ಕತ್ತಲೆ ಮಬ್ಬಿನ ಶಾಂತ ಕೋಣೆಯಲ್ಲಿ ತಾಯಿಯ ಮೈಗೆ ತಾಗಿಸಿ ಮಲಗಿಸುವುದು, ಪದೇ ಪದೇ ಸ್ವಲ್ಪ ಸ್ವಲ್ಪ ಹಾಲು ಕೊಡುವುದು ಮೊದಲ ಚಿಕಿತ್ಸೆಯೇ ಆಗಿದೆ. ಬೇಕಾದಲ್ಲಿ ಔಷಧಿ ನೀಡುತ್ತಾರೆ. ಮಾಹಿತಿ ಮುಚ್ಚಿಟ್ಟು ಎರಡನೆಯ ದಿನವೇ ಮನೆಗೆ ಬಂದಲ್ಲಿ ಈ ಲಕ್ಷಣಗಳನ್ನು ದೃಷ್ಟಿ ತಾಗಿದ್ದು ಎಂದು ತಿಳಿದು ಮಗುವಿನ ಜೀವಕ್ಕೆ ಕುತ್ತು ಬರಬಹುದು.

ಎದೆಹಾಲಿನ ಬಗ್ಗೆ ಹೆಚ್ಚಿನ ಗೊಂದಲವಿದೆ. ತಂಬಾಕು ಬಿಡಲಾಗದ ತಾಯಿಯೂ ಎದೆಹಾಲು ನಿಲ್ಲಿಸಬಾರದು. ಹಾಲು ಕುಡಿಸಿದ ನಂತರ ಮಾತ್ರ, ಮಗುವಿನಿಂದ ದೂರದಲ್ಲಿ ಬಳಸಿ, ಬಾಯಿ ಕೈ ತೊಳೆದುಕೊಂಡು ಬರಬೇಕು. ಬ್ಯೂಪ್ರೆನಾರ್ಫಿನ್ ಅಥವಾ ಮೆಥಡೋನ್ ಚಿಕಿತ್ಸೆಯಲ್ಲಿ ಸ್ಥಿರವಾಗಿರುವ ತಾಯಂದಿರು ಸಾಮಾನ್ಯವಾಗಿ ಹಾಲುಣಿಸಬಹುದು. ಮದ್ಯ ಸೇವಿಸಿದ್ದಲ್ಲಿ ಪ್ರತಿ 30 ಮಿಲಿ ಬ್ರಾಂದಿ, ವಿಸ್ಕಿಗೆ ಕನಿಷ್ಠ 2 ಗಂಟೆ ಕಾಯಬೇಕು. 90 ಮಿಲಿ ಸೇವಿಸಿದ್ದರೆ ಕನಿಷ್ಠ 6 ಗಂಟೆ. ಅಷ್ಟು ಹೊತ್ತು ಮಗು ಹಸಿದಿರಲಾರದು ಎಂಬುದನ್ನು ಗಮನಿಸಿದರೆ ಕುಡಿಯದಿರುವುದೇ ದಾರಿ. ಗಾಂಜಾ ಬಳಸುವವರು ಬಿಡಲು ಸಹಾಯ ಪಡೆದು ವೈದ್ಯರ ಸಲಹೆಯಂತೆ ಹಾಲುಣಿಸಬೇಕು. ಮದ್ಯ ಅಥವಾ ನಿದ್ರೆ ಮಾತ್ರೆ ಸೇವಿಸಿದವರು, ತಾಯಿಯಾಗಲಿ ತಂದೆಯಾಗಲಿ, ಅಂದು ಮಗುವಿನೊಡನೆ ಒಂದೇ ಹಾಸಿಗೆಯಲ್ಲಿ ಮಲಗಬಾರದು. ಮಗ್ಗುಲು ಬದಲಿಸುವಾಗ ಮಗುವಿನ ಉಸಿರು ಕಟ್ಟುವ ಅಪಾಯವಿದೆ. ಶೀತಕ್ಕೆಂದು ಮಗುವಿನ ಬಾಯಿಗೆ ಬ್ರಾಂದಿಯ ಹನಿ ಹಾಕುವ ಪದ್ಧತಿಯನ್ನು ಪೂರ್ತಿಯಾಗಿ ಕೈಬಿಡತಕ್ಕದ್ದು.

ಬಸಿರಿನಲ್ಲಿ ಬಿಟ್ಟವರು ಬಾಣಂತನದಲ್ಲಿ ಪುನಃ ಆರಂಭಿಸುವುದು ಬಹಳ. ನಿದ್ರೆಗೇಡು, ಒಂಟಿತನ, ತವರಿನಿಂದ ಗಂಡನ ಮನೆಗೆ ಮರಳುವ ಸಮಯ ಇವು ಕಾರಣ. ಆಸ್ಪತ್ರೆಯಲ್ಲಿ ಹೆರಿಗೆಯಾದಲ್ಲಿ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೇ ದಿನಗಳಂದು ಮನೆಗೆ ಭೇಟಿ ನೀಡಬೇಕಾಗಿರುತ್ತದೆ. ಮಗುವಿನ ತೂಕದ ಜೊತೆಗೆ ಈ ವಿಷಯವನ್ನೂ ಆ ಭೇಟಿಗಳಲ್ಲಿ ಪ್ರಸ್ತಾಪಿಸಬಹುದು. ತವರು ಆಂಧ್ರದ ಮದನಪಲ್ಲಿ, ಹಿಂದೂಪುರದ ಕಡೆ ಇರುವವರು ಚಿಕಿತ್ಸಾ ಚೀಟಿಯ ನಕಲನ್ನು ಜೊತೆಗಿಟ್ಟುಕೊಂಡು ಹೋದಲ್ಲಿ ಅಲ್ಲಿನ ಆಸ್ಪತ್ರೆಯಲ್ಲಿ ಔಷಧಿ ಮುಂದುವರಿಸಲು ಅನುಕೂಲವಾಗುತ್ತದೆ.

ತಂದೆ ಮತ್ತು ಮನೆಯವರು

ಗರ್ಭಿಣಿಗೆ ಬಿಡು ಎಂದು ಹೇಳುವ ಮನೆಯಲ್ಲಿ ಉಳಿದವರು ಬಿಡದಿದ್ದಲ್ಲಿ ಆಕೆ ಬಿಡುವುದು ಕಷ್ಟ. ಎಲೆ ಅಡಿಕೆ ತಟ್ಟೆ ಕಣ್ಣೆದುರಿಗೇ ಇರುತ್ತದೆ. ಪತಿ ಮನೆಯೊಳಗೆ ಸೇದುವ ಬೀಡಿಯ ಹೊಗೆಯೂ ಗರ್ಭದಲ್ಲಿರುವ ಮಗುವಿಗೆ, ನಂತರ ಕೂಸಿನ ಶ್ವಾಸಕೋಶಕ್ಕೆ ಹಾನಿಕರ. ಆದ್ದರಿಂದ ತಪಾಸಣೆಗೆ ಬರುವಾಗ ಪತಿಯೂ ಬಂದು ತಮ್ಮ ಅಭ್ಯಾಸದ ಬಗ್ಗೆ ಸಲಹೆ ಪಡೆಯಬಹುದು. ತಂದೆಯಾಗುವ ಸಮಯದಲ್ಲಿ ಬಿಡುವ ಮನಸ್ಸು ಹೆಚ್ಚಾಗಿರುತ್ತದೆ ಎಂಬುದು ಸಮಾಲೋಚಕರ ಅನುಭವ. ಆಕೆಯನ್ನು ಬೈಯುವುದು, ತವರಿಗೆ ಕಳುಹಿಸಿಬಿಡುವುದು, ಊರಿನಲ್ಲಿ ಪಂಚಾಯಿತಿ ಸೇರಿಸುವುದು ಇವುಗಳಿಂದ ಚಟ ಬಿಟ್ಟ ಉದಾಹರಣೆ ಇಲ್ಲ, ಆಸ್ಪತ್ರೆ ಬಿಟ್ಟ ಉದಾಹರಣೆಗಳಿವೆ.

ಉಚಿತ ದೂರವಾಣಿ ಸೇವೆಗಳು

ನೇರವಾಗಿ ಬರಲು ಸಂಕೋಚವಿರುವವರು ಮೊದಲು ದೂರವಾಣಿಯಲ್ಲಿ ಮಾತನಾಡಬಹುದು. ತಂಬಾಕು ಬಿಡಲು 1800-11-2356 ಸಂಖ್ಯೆಗೆ ಕರೆ ಮಾಡಬಹುದು. ಮದ್ಯ ಮತ್ತು ಇತರೆ ಮಾದಕ ವಸ್ತುಗಳ ಬಗ್ಗೆ 14446. ಮಾನಸಿಕ ಆರೋಗ್ಯಕ್ಕೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಇದು ದಿನದ 24 ಗಂಟೆಯೂ ಲಭ್ಯವಿದ್ದು ಕನ್ನಡವಲ್ಲದೆ ಇತರೆ ಭಾರತೀಯ ಭಾಷೆಗಳಲ್ಲಿಯೂ ಸೇವೆ ಇರುವುದರಿಂದ ಈ ಗಡಿ ಭಾಗದಲ್ಲಿ ತೆಲುಗು ಅಥವಾ ಉರ್ದು ಮನೆಮಾತಿನವರು ಕರೆ ಮಾಡಿದಾಗ ತಮ್ಮ ಭಾಷೆಯನ್ನು ತಿಳಿಸಿ ಕೇಳಬಹುದು. ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098, ಉಚಿತ ಕಾನೂನು ನೆರವು 15100, ತುರ್ತು ಪೊಲೀಸ್ ನೆರವು 112, ಆಂಬುಲೆನ್ಸ್ 108. ಸ್ವಂತ ಮೊಬೈಲ್ ಇಲ್ಲದವರು ಆಶಾ ಕಾರ್ಯಕರ್ತೆಯ ಅಥವಾ ಆರೋಗ್ಯ ಕೇಂದ್ರದ ದೂರವಾಣಿಯಿಂದ ಮಾತನಾಡಲು ಕೇಳಿಕೊಳ್ಳಬಹುದು.